ಅಪ್ಪನ ಬೆನ್ನಿನ ಡಿಸ್ಕ್‌ಗೆ ಸೂಜಿ ಹಾಕಬೇಕಂತೆ, ಒಪ್ಪಿಕೊಳ್ಳೋದಾ ಬೇಡವಾ?

ಶಿಡ್ಲಘಟ್ಟದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 58 ವರ್ಷ. ಒಂದೆಕರೆ ಹಿಪ್ಪುನೇರಳೆ ತೋಟ, ಮೂರು ಸೀಮೆಹಸು, ಅಷ್ಟೇ ನಮ್ಮ ಬದುಕು. ಮೂರು ತಿಂಗಳಿಂದ ಅಪ್ಪನಿಗೆ ಸೊಂಟ ನೋವು. ಸೊಪ್ಪಿನ ಹೊರೆ ಎತ್ತುವಾಗ ಉಳುಕಿರಬೇಕು ಅಂದುಕೊಂಡೆವು. ಉಳುಕು ತೆಗೆಯುವವರ ಹತ್ತಿರ ಎರಡು ಸಲ ಹೋಗಿ ಬಂದರು. ಎಣ್ಣೆ ಹಚ್ಚಿ ಬಿಸಿನೀರು ಹಾಕಿದ್ದಾಯಿತು. ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿದ್ದಾಯಿತು. ಯಾವುದಕ್ಕೂ ಬಗ್ಗಲಿಲ್ಲ.

ಹೋದ ವಾರ ಎಂಆರ್‌ಐ ಮಾಡಿಸಿದೆವು. ಡಿಸ್ಕ್‌ನಲ್ಲಿ ತೊಂದರೆ ಇದೆ, ಸಿಟಿ ಸ್ಕ್ಯಾನ್‌ನಲ್ಲಿ ನೋಡಿಕೊಂಡು ಬೆನ್ನಿನೊಳಕ್ಕೆ ಸೂಜಿ ಹಾಕಬೇಕು ಅಂದರು ಡಾಕ್ಟರ್. ಹೊರಗೆ ಜನ ತುಂಬಿದ್ದರು. ಜಾಸ್ತಿ ಕೇಳೋಕೆ ಆಗಲಿಲ್ಲ. ಅಪ್ಪ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾರೆ. ಪಕ್ಕದ ಮನೆ ಮಾವ ಬೇರೆ ಬಂದು, "ಬೆನ್ನಿಗೆ ಸೂಜಿ ಹಾಕಿಸಿಕೊಂಡವರು ಎದ್ದು ಓಡಾಡಿದ್ದನ್ನ ನಾನು ನೋಡಿಲ್ಲಮ್ಮ" ಅಂದುಬಿಟ್ಟರು. ಅವತ್ತಿನಿಂದ ಅಪ್ಪ ಆ ಮಾತೇ ಎತ್ತಬೇಡ ಅಂತಾರೆ.

ಇಲ್ಲಿ ಯಾರಾದರೂ ಇಂಥ ಸೂಜಿ ಹಾಕಿಸಿಕೊಂಡಿದ್ದೀರಾ? ಏನಾಯಿತು ಅಂತ ದಯವಿಟ್ಟು ಹೇಳಿ.

ತಿಪಟೂರು ಕೊಬ್ಬರಿ

ತಂಗಿ, ಹೆದರಬೇಡಮ್ಮ. ನಾನು ಹಾಕಿಸಿಕೊಂಡು 16 ತಿಂಗಳಾಯಿತು, ಓಡಾಡಿಕೊಂಡಿದ್ದೇನೆ. ಎಲ್4–ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ, ಹೊರಗೆ ಉಬ್ಬಿ ನರ ಒತ್ತುತ್ತಿತ್ತು. ಎಡಗಡೆ ಕುಂಡೆಯಿಂದ ಹೆಬ್ಬೆರಳಿನ ತನಕ ಕರೆಂಟ್ ಹೊಡೆದ ಹಾಗೆ ಸೆಳೆತ. ಅಂಗಡಿಯಲ್ಲಿ ಹತ್ತು ನಿಮಿಷ ಕೂತಿರೋಕೆ ಆಗುತ್ತಿರಲಿಲ್ಲ, ನಿಂತುಕೊಂಡೇ ಲೆಕ್ಕ ಬರೆಯುತ್ತಿದ್ದೆ. ಎರಡು ತಿಂಗಳು ಮಾತ್ರೆ, ವ್ಯಾಯಾಮ ಎಲ್ಲ ಮಾಡಿ ಆಮೇಲೆ ತುಮಕೂರಿನಲ್ಲಿ ಇಂಜೆಕ್ಷನ್ ತೆಗೆದುಕೊಂಡೆ.

ಬೋರಲು ಮಲಗಿಸಿ ಹೊಟ್ಟೆ ಕೆಳಗೆ ದಿಂಬು ಇಟ್ಟರು. ಮೇಲೆ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿರುವ ಎಕ್ಸರೇ ಮೆಷಿನ್. ಮೊದಲು ಚರ್ಮ ಮರಗಟ್ಟಿಸಿದರು. ಆಮೇಲೆ ಉದ್ದ ಸೂಜಿ ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತಾ ಪ್ರತಿ ಸಲ ಟಿವಿ ನೋಡುತ್ತಿದ್ದರು. ಜಾಗ ಸಿಕ್ಕಿದ ಮೇಲೆ ಒಂದು ಡೈ ಬಿಟ್ಟರು. ಕತ್ತು ತಿರುಗಿಸಿ ನಾನೂ ನೋಡಿದೆ. ಇರುವೆ ಸಾಲಿನ ಹಾಗೆ ನರದ ಗುಂಟ ಕಪ್ಪಗೆ ಹರಿಯಿತು. ಅದು ಸರಿಯಾಗಿ ಹರಿದ ಮೇಲೇ ಔಷಧಿ ಬಿಟ್ಟಿದ್ದು. ಒಟ್ಟು 20 ನಿಮಿಷ. ಔಷಧಿ ಬಿಡುವಾಗ ಕಾಲಿನಲ್ಲಿ ಅದೇ ಹಳೇ ಸೆಳೆತ ಒಂದು ಸಲ ಬಂದು ಹೋಯಿತು.

ಒಂದು ಮಾತು ನೆನಪಿರಲಿ. ನನಗೆ ಶುಗರ್ ಇದೆ. ಅದು ಸ್ಟೀರಾಯ್ಡ್ ಇಂಜೆಕ್ಷನ್. ಐದು ದಿನ ಶುಗರ್ 300ರ ಮೇಲೆ ಹೋಯಿತು. ಅಪ್ಪನಿಗೆ ಶುಗರ್ ಇದ್ದರೆ ಮೊದಲೇ ಹೇಳಿ.

ಮಾಲೂರು ಅಕ್ಕ

ನನ್ನದು ಬೇರೆ ಕಥೆ. ನಾನು ಮೂರು ಸಲ ಹಾಕಿಸಿಕೊಂಡೆ. ಒಂದು ಸಣ್ಣ ಕ್ಲಿನಿಕ್. ಎಕ್ಸರೇ ಇಲ್ಲ, ಟಿವಿ ಇಲ್ಲ. ಕೂರಿಸಿ, ಬೆನ್ನು ಬಗ್ಗಿಸಿ, ಬೆರಳಿನಲ್ಲಿ ಮೂಳೆ ಮುಟ್ಟಿ ನೋಡಿ ಹಾಕಿದರು. ಪ್ರತಿ ಸಲವೂ ದುಡ್ಡು. ಮೊದಲ ಸಲ ಎರಡು ದಿನ ಹಗುರ ಅನ್ನಿಸಿತು, ಆಮೇಲೆ ಅದೇ ನೋವು. ಮೂರನೇ ಸಲ ಆದಮೇಲೆ ನಾಲ್ಕು ದಿನ ಎದ್ದು ಕೂತರೆ ತಲೆ ಸಿಡಿಯುತ್ತಿತ್ತು, ಮಲಗಿದರೆ ಸರಿಹೋಗುತ್ತಿತ್ತು. ಬೆನ್ನುಹುರಿ, ನರಗಳ ಸುತ್ತ ಇರುವ ನೀರಿನ ಪೊರೆ ತೂತಾಗಿ ನೀರು ಸೋರಿದೆ ಅಂತ ಕೋಲಾರದಲ್ಲಿ ಬೇರೆ ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು.

ಸೂಜಿ ಬೇಡ ಅಂತ ಹೇಳುತ್ತಿಲ್ಲ ತಂಗಿ. ನೋಡಿಕೊಂಡು ಹಾಕುತ್ತಾರಾ ಇಲ್ಲವಾ ಕೇಳು. ನಿಮ್ಮ ಡಾಕ್ಟರ್ ಸಿಟಿಯಲ್ಲಿ ನೋಡಿಕೊಂಡೇ ಹಾಕುತ್ತೇವೆ ಅಂದಿದ್ದಾರಲ್ಲ, ಅದು ಒಳ್ಳೆಯದು.

ತುಮಕೂರು ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್. ನನ್ನ ಪ್ರಕಾರ ಅವಸರ ಬೇಡ. ಡಿಸ್ಕ್ ಜಾರಿ ಬರುವ ಕಾಲಿನ ಸೆಳೆತ ಜಾಸ್ತಿ ಜನರಿಗೆ ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿಯೇ ಕಮ್ಮಿ ಆಗುತ್ತದೆ. ಹೊರಗೆ ಬಂದ ಚೂರನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಎಂಆರ್‌ಐ ರಿಪೋರ್ಟ್ ನೋಡಿ ಗಾಬರಿ ಆಗುವವರೇ ಹೆಚ್ಚು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ 2015ರಲ್ಲಿ ಒಂದು ದೊಡ್ಡ ಲೆಕ್ಕ ಬಂತು. ಏನೂ ತೊಂದರೆ ಇಲ್ಲದ 20 ವರ್ಷದವರಲ್ಲೇ ನೂರಕ್ಕೆ 30 ಜನಕ್ಕೆ ಡಿಸ್ಕ್ ಉಬ್ಬಿರುತ್ತದೆ. 80 ವರ್ಷದವರಲ್ಲಿ 84 ಜನಕ್ಕೆ. ತಲೆಕೂದಲು ನೆರೆತ ಹಾಗೆ ಅದು. ಇನ್ನೊಂದು ತಿಂಗಳು ವ್ಯಾಯಾಮ ಮಾಡಿಸಿ ನೋಡಿ.

ಸಿಟಿ ರೂಮಿನವನು

ಎಲ್ಲರೂ ಒಂದು ನಿಮಿಷ ತಾಳಿ.

ನಾನು ಡಾಕ್ಟರ್ ಅಲ್ಲ. ಸಿಟಿ ಟೆಕ್ನಿಷಿಯನ್, ಚಿಂತಾಮಣಿ ಕಡೆಯವನು. ಹನ್ನೊಂದು ವರ್ಷದಿಂದ ಇದೇ ಕೆಲಸ. ನರದ ನೋವಿಗೆ ಇಂಜೆಕ್ಷನ್ ಕೊಡುವಾಗ ಸಾಮಾನ್ಯವಾಗಿ ತಿಪಟೂರು ಅಣ್ಣ ಹೇಳಿದ ಆ ಬಾಗಿದ ಎಕ್ಸರೇ ಮೆಷಿನ್ ಬಳಸುತ್ತಾರೆ. ಡಿಸ್ಕ್‌ಗೇ ಸಿಟಿಯಲ್ಲಿ ಸೂಜಿ ಅಂದಾಗ ನನಗೆ ಬೇರೆ ಅನುಮಾನ ಬರುತ್ತದೆ. ಬೆನ್ನಿಗೆ ಹಾಕುವ ಸೂಜಿ ಎಲ್ಲವೂ ಒಂದೇ ಅಲ್ಲ. ಕೆಲವು ಒಳಗೆ ಔಷಧಿ ಬಿಡೋಕೆ. ಕೆಲವು ಒಳಗಿನಿಂದ ಚೂರು ತೆಗೆಯೋಕೆ. ಎರಡೂ ತದ್ವಿರುದ್ಧ ಕೆಲಸ.

ಮಗಳೇ, ಮೂರು ವಿಷಯ ಹೇಳು. ರಿಪೋರ್ಟ್‌ನ ಕೊನೆಯಲ್ಲಿ ಏನು ಬರೆದಿದೆ? ಅಪ್ಪನಿಗೆ ಜ್ವರ, ಬೆವರು, ತೂಕ ಇಳಿಯೋದು ಏನಾದರೂ ಇದೆಯಾ? ರಾತ್ರಿ ಮಲಗಿದಾಗಲೂ ನೋವು ಇರುತ್ತಾ?

ಶಿಡ್ಲಘಟ್ಟದ ಮಗಳು

ರಿಪೋರ್ಟ್ ತೆಗೆದು ನೋಡಿದೆ ಅಣ್ಣ. ಎಲ್3–ಎಲ್4 ಡಿಸ್ಕ್, ಅದರ ಮೇಲಿನ ಮೂಳೆ, ಕೆಳಗಿನ ಮೂಳೆ ಮೂರರಲ್ಲೂ ಬದಲಾವಣೆ ಇದೆ ಅಂತಿದೆ. ಕೊನೆಯಲ್ಲಿ "ಇನ್‌ಫೆಕ್ಟಿವ್ ಸ್ಪಾಂಡಿಲೋಡಿಸೈಟಿಸ್ ಇರಬಹುದು, ಬಯಾಪ್ಸಿ ಮಾಡಿ ನೋಡಿ" ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. ಬಯಾಪ್ಸಿ ಅಂದರೆ ಕ್ಯಾನ್ಸರ್ ಅಂತ ಹೆದರಿ ಅಮ್ಮನಿಗೆ ಹೇಳಲೇ ಇಲ್ಲ.

ಅಮ್ಮನನ್ನು ಜ್ವರದ ಬಗ್ಗೆ ಕೇಳಿದೆ. ಸಂಜೆ ಹೊತ್ತು ಮೈ ಬಿಸಿ ಆಗುತ್ತದಂತೆ. ಬೆಳಗಿನ ಜಾವ ಬನಿಯನ್ ಹಿಂಡುವಷ್ಟು ಬೆವರು. ಅಪ್ಪ ನನಗೆ ಹೇಳಬೇಡ ಅಂದಿದ್ದರಂತೆ. ಪಂಚೆ ಮೊದಲಿಗಿಂತ ಸಡಿಲ ಆಗಿದೆ. ರಾತ್ರಿ ನೋವು ಇದ್ದೇ ಇದೆ, ಮಗ್ಗುಲು ತಿರುಗುವಾಗ ಕೂಗಿಕೊಳ್ಳುತ್ತಾರೆ. ಕಾಲಿಗೆ ಸೆಳೆತ ಇಲ್ಲ.

ತುಮಕೂರು ಫಿಸಿಯೋ

ನಾನು ಮೇಲೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಜ್ವರ, ರಾತ್ರಿ ನೋವು, ತೂಕ ಕೇಳದೆಯೇ ವ್ಯಾಯಾಮ ಹೇಳಿದ್ದು ನನ್ನ ತಪ್ಪು. ಕ್ಷಮಿಸಿ. ವ್ಯಾಯಾಮ ಏನೂ ಬೇಡ. ಭಾರ ಎತ್ತಿಸಬೇಡಿ, ಬಗ್ಗಿ ಹಾಲು ಕರೆಯುವುದೂ ಬೇಡ. ಮತ್ತೆ ಯಾರ ಕೈಯಲ್ಲೂ ಬೆನ್ನು ಒತ್ತಿಸಬೇಡಿ, ಉಳುಕು ತೆಗೆಸಬೇಡಿ. ಮೂಳೆ ಮೆತ್ತಗಾಗಿರಬಹುದು. ಒಂದು ತಿಂಗಳು ಕಾಯುವ ಮಾತೇ ಬೇಡ.

ಸಿಟಿ ರೂಮಿನವನು

ನನ್ನ ಅನುಮಾನವೂ ಇದೇ ಆಗಿತ್ತು. ಇನ್‌ಫೆಕ್ಟಿವ್ ಸ್ಪಾಂಡಿಲೋಡಿಸೈಟಿಸ್ ಅಂದರೆ ಡಿಸ್ಕ್‌ಗೂ ಅದರ ಪಕ್ಕದ ಮೂಳೆಗಳಿಗೂ ಸೋಂಕು. ಮೊದಲು ಒಂದು ಭಯ ಕಳೆಯೋಣ. ಬಯಾಪ್ಸಿ ಅಂದರೆ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡುವುದು, ಹಾಗಂದ ಕೂಡಲೇ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಬೆನ್ನುಮೂಳೆಗೆ ಬಂದರೆ ಸಾಮಾನ್ಯವಾಗಿ ಮೂಳೆ ಹಿಡಿಯುತ್ತದೆ, ಡಿಸ್ಕ್ ಬಿಡುತ್ತದೆ. ಸೋಂಕು ಹಾಗಲ್ಲ. ಡಿಸ್ಕ್ ನಡುವೆ ಇಟ್ಟುಕೊಂಡು ಎರಡೂ ಕಡೆ ಮೂಳೆ ತಿನ್ನುತ್ತದೆ. ನಿಮ್ಮ ರಿಪೋರ್ಟ್‌ನಲ್ಲಿ ಮೂರೂ ಸೇರಿ ಬಂದಿರುವುದಕ್ಕೇ ಸೋಂಕು ಅಂತ ಬರೆದಿದ್ದಾರೆ.

ಸೋಂಕು ಅನ್ನುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಯಾವ ಕ್ರಿಮಿ ಅನ್ನುವುದು ಕಾಣಲ್ಲ. ಟಿಬಿ ಇರಬಹುದು, ಮಾಮೂಲಿ ಕೀವಿನ ಕ್ರಿಮಿ ಇರಬಹುದು, ಇನ್ನೇನೋ ಇರಬಹುದು. ಒಂದೊಂದಕ್ಕೂ ಔಷಧಿ ಬೇರೆ, ತಿಂಗಳುಗಳ ಲೆಕ್ಕ ಬೇರೆ. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ ಅಂತ ಸುಮ್ನೆ ಟಿಬಿ ಮಾತ್ರೆ ಶುರು ಮಾಡಿ ತಿಂಗಳುಗಟ್ಟಲೆ ಕಳೆದ ಮೇಲೆ ಸೂಜಿಗೆ ಬಂದವರನ್ನು ನಮ್ಮ ಟೇಬಲ್ ಮೇಲೆ ನೋಡಿದ್ದೇನೆ. ಅಷ್ಟು ಹೊತ್ತಿಗೆ ಕ್ರಿಮಿ ಅರೆಜೀವ ಆಗಿರುತ್ತದೆ. ಚೂರು ತೆಗೆದರೂ ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆಯಲ್ಲ. ರೋಗಿ ಸ್ಥಿರವಾಗಿದ್ದರೆ ಮೊದಲು ಚೂರು ತೆಗೆದು ಆಮೇಲೆ ಆಂಟಿಬಯಾಟಿಕ್ ಕೊಡುವುದು ಇದಕ್ಕೇ. ಅಪ್ಪನಿಗೆ ಈಗ ಜ್ವರಕ್ಕೆ ಅಂತ ಯಾವ ಆಂಟಿಬಯಾಟಿಕ್ ಮಾತ್ರೆಯನ್ನೂ ಅಂಗಡಿಯಿಂದ ತಂದು ಕೊಡಬೇಡಿ.

ಇನ್ನೊಂದು ಮಾತು, ಇದಂತೂ ಬಹಳ ಮುಖ್ಯ. ಯಾರೋ ನೋವಿಗೆ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸೋಣ ಅಂದರೆ ಬೇಡವೇ ಬೇಡ. ಸೋಂಕು ಇರುವ ಜಾಗಕ್ಕೆ ಸ್ಟೀರಾಯ್ಡ್ ಬಿದ್ದರೆ ದೇಹದ ಕಾವಲು ಸಡಿಲವಾಗಿ ಸೋಂಕು ಹಬ್ಬುತ್ತದೆ. ತಿಪಟೂರು ಅಣ್ಣನಿಗೆ ಅದು ಸರಿಯಾದ ಸೂಜಿ. ನಿಮ್ಮ ಅಪ್ಪನಿಗೆ ಅದೇ ಅಪಾಯದ ಸೂಜಿ.

ಕಾಲಿನಲ್ಲಿ ಬಲ ಕಮ್ಮಿ ಆದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ, ತೊಡೆ ಸಂದಿಯ ಸುತ್ತ ಜೋಮು ಹಿಡಿದರೆ ಅಪಾಯಿಂಟ್‌ಮೆಂಟ್ ನೋಡಬೇಡಿ. ರಾತ್ರಿ ಆದರೂ ಸರಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತಿಪಟೂರು ಕೊಬ್ಬರಿ

ಅಯ್ಯೋ, ನಾನು ನನ್ನ ಅನುಭವವನ್ನೇ ಎಲ್ಲರಿಗೂ ಅಂದುಕೊಂಡುಬಿಟ್ಟಿದ್ದೆ. ಒಳ್ಳೆಯ ಹೊತ್ತಿಗೆ ಕೇಳಿದಿರಿ ತಮ್ಮ. ಒಂದು ಅನುಮಾನ. ನನಗೆ ಹಾಕುವಾಗ ಆ ಮೆಷಿನ್ ಓರೆ ಮಾಡಿ "ನಾಯಿ ಕಾಣ್ತಿದೆ" ಅಂತ ಡಾಕ್ಟರ್ ಅಂದರು. ಅದೇನು?

ಸಿಟಿ ರೂಮಿನವನು

ಅದು ನಮ್ಮ ಕೆಲಸದಲ್ಲಿ ದಿನಾ ಕೇಳುವ ಮಾತು ಅಣ್ಣ. ಸೊಂಟದ ಮೂಳೆಯ ಎಕ್ಸರೇ ಓರೆಯಾಗಿ ಹಿಡಿದರೆ ನೆರಳು ಪುಟ್ಟ ನಾಯಿ ನಿಂತ ಹಾಗೆ ಕಾಣುತ್ತದೆ. ಮೂತಿ, ಕಣ್ಣು, ಕಿವಿ, ಕತ್ತು, ಮುಂಗಾಲು ಎಲ್ಲ ಇರುತ್ತದೆ. ಸ್ಕಾಟಿ ನಾಯಿ ಅಂತಾರೆ. ನರದ ಹತ್ತಿರ ಔಷಧಿ ಬಿಡಬೇಕಾದರೆ ಕಣ್ಣಿನ ಕೆಳಗೆ ಸೂಜಿ ಇಡುತ್ತಾರೆ. ಡಿಸ್ಕ್ ಒಳಗೇ ಹೋಗಬೇಕಾದರೆ ಕಿವಿಯ ಮುಂದೆ ಸವರಿಕೊಂಡು ಹೋಗುತ್ತಾರೆ. ಅಲ್ಲಿ ಒಂದು ಸಣ್ಣ ತ್ರಿಕೋನದ ಜಾಗ ಇದೆ. ಮೇಲಿನಿಂದ ಓರೆಯಾಗಿ ಇಳಿಯುವ ನರ ಒಂದು ಬದಿ, ಕೆಳಗಿನ ಮೂಳೆ ಒಂದು ಬದಿ, ನಡುವೆ ಸೂಜಿಗೆ ದಾರಿ. ಅದಕ್ಕೆ ಕ್ಯಾಂಬಿನ್ ತ್ರಿಕೋನ ಅನ್ನುತ್ತಾರೆ. ಬೆನ್ನುಹುರಿ ಸೊಂಟದ ಕೆಳಭಾಗದ ತನಕ ಬರುವುದೇ ಇಲ್ಲ. ದೊಡ್ಡವರಲ್ಲಿ ಎಲ್1–ಎಲ್2 ಹತ್ತಿರ ಮುಗಿಯುತ್ತದೆ, ಕೆಳಗೆ ಇರುವುದು ನರಗಳ ಎಳೆ. ಶಿಡ್ಲಘಟ್ಟದ ಅಪ್ಪನಿಗೆ ತೊಂದರೆ ಇರುವುದು ಎಲ್3–ಎಲ್4, ಅದಕ್ಕಿಂತ ಕೆಳಗೆ. ಸೂಜಿ ಬೆನ್ನುಹುರಿಗೆ ಚುಚ್ಚಿ ಕಾಲು ಬಿದ್ದುಹೋಗುತ್ತದೆ ಅನ್ನುವ ಭಯ ಅವರಿಗಿದ್ದರೆ ಇದನ್ನು ಅವರಿಗೇ ಹೇಳಿ.

ಪಾವಗಡ ಮೇಷ್ಟ್ರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಡಿಸ್ಕ್ ಒಳಗೇ ಔಷಧಿ ಬಿಟ್ಟು ಕರಗಿಸುತ್ತಾರೆ, ಪರಂಗಿ ಹಣ್ಣಿನಿಂದ ತೆಗೆದ ಔಷಧಿ ಅಂತ ಹಿಂದೆ ಎಲ್ಲೋ ಓದಿದ್ದೆ. ಈಗ ಓಝೋನ್ ಅನಿಲ ಬಿಡುತ್ತಾರೆ ಅಂತಲೂ ಹೇಳುತ್ತಾರೆ. ನನಗೂ ಡಿಸ್ಕ್ ತೊಂದರೆ ಇದೆ. ಇಂಥ ಸೂಜಿಗಳಲ್ಲಿ ಅಪಾಯ ಇಲ್ಲವೇ ಇಲ್ಲವಾ?

ಸಿಟಿ ರೂಮಿನವನು

ಪರಂಗಿ ಮಾತು ನಿಜ ಮೇಷ್ಟ್ರೇ. ಪರಂಗಿ ಕಾಯಿಯ ಹಾಲಿನಲ್ಲಿ ಮಾಂಸ ಮೆತ್ತಗೆ ಮಾಡುವ ಗುಣ ಇದೆ, ನಮ್ಮ ಮನೆಗಳಲ್ಲಿ ಬಿರಿಯಾನಿಗೆ ಹಾಕುತ್ತಾರಲ್ಲ, ಅದೇ. ಅದರಿಂದ ತೆಗೆದ ಕೈಮೊಪಪೈನ್ ಅನ್ನುವುದನ್ನು ಲೈಮನ್ ಸ್ಮಿತ್ ಅನ್ನುವ ಅಮೆರಿಕದ ಡಾಕ್ಟರ್ ಮನುಷ್ಯರ ಡಿಸ್ಕ್ ಒಳಗೆ ಬಿಟ್ಟು ನೋಡಿ 1964ರಲ್ಲಿ ವರದಿ ಮಾಡಿದರು. 1982ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆಯನ್ನೂ ಕೊಟ್ಟಿತು. ಡಿಸ್ಕ್ ಒಳಗಿನ ಅಂಟು ತಿರುಳನ್ನು ಅದು ನಿಜವಾಗಿಯೂ ಕರಗಿಸುತ್ತಿತ್ತು. ಆದರೆ ಕೆಲವರಿಗೆ ಪ್ರಾಣಕ್ಕೇ ಬರುವಷ್ಟು ಅಲರ್ಜಿ. ನೀರಿನ ಪೊರೆಯೊಳಗೆ ತಪ್ಪಿ ಬಿದ್ದರೆ ರಕ್ತಸ್ರಾವ, ಲಕ್ವ. 2003ಕ್ಕೆ ಅಲ್ಲಿ ಮಾರಾಟವೇ ನಿಂತಿತು. ಜಪಾನಿನಲ್ಲಿ 2018ರಲ್ಲಿ ಬೇರೆ ಒಂದು ಔಷಧಿಗೆ ಒಪ್ಪಿಗೆ ಸಿಕ್ಕಿದೆ, ಅದೂ ಡಿಸ್ಕ್ ತಿರುಳು ಕುಗ್ಗಿಸುವಂಥದ್ದೇ.

ಓಝೋನ್ ನಮ್ಮ ಕಡೆ ಹಲವರು ಮಾಡುತ್ತಾರೆ. ಇಟಲಿಯಲ್ಲಿ ಬಹಳ ಮಾಡುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಇಲ್ಲ. ನೀವು ಮಾಡಿಸುವುದಾದರೆ ನಿಮಗೆ ಕಾಲಿನ ಸೆಳೆತ ಇದೆಯಾ, ಸ್ಕ್ಯಾನ್‌ನಲ್ಲಿ ಕಾಣುವ ಜಾಗಕ್ಕೂ ಸೆಳೆತಕ್ಕೂ ತಾಳೆ ಆಗುತ್ತದಾ ಅಂತ ಮೊದಲು ಕೇಳಿ. ಬರೀ ಸೊಂಟ ನೋವಿಗೆ ಸೂಜಿ ಅಂದರೆ ಎರಡನೇ ಡಾಕ್ಟರ್ ಹತ್ತಿರವೂ ತೋರಿಸಿ.

ಅಪಾಯ ಇಲ್ಲ ಅಂತ ಹೇಳಿದರೆ ಸುಳ್ಳು ಹೇಳಿದ ಹಾಗೆ. 2012ರಲ್ಲಿ ಅಮೆರಿಕದಲ್ಲಿ ಬೂಷ್ಟು ಸೇರಿದ ಸ್ಟೀರಾಯ್ಡ್ ಬಾಟಲಿಗಳಿಂದ ಬೆನ್ನಿಗೆ ಇಂಜೆಕ್ಷನ್ ತೆಗೆದುಕೊಂಡ 60ಕ್ಕೂ ಹೆಚ್ಚು ಜನ ಸತ್ತರು. ಸೂಜಿಯದಲ್ಲ, ಔಷಧಿ ತಯಾರಿಸಿದ ಜಾಗದ ಕೊಳಕು. 2014ರಲ್ಲಿ ಅಲ್ಲಿನ ಔಷಧಿ ಇಲಾಖೆ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಬೆನ್ನಿಗೆ ಕೊಡುವ ಸ್ಟೀರಾಯ್ಡ್‌ನಿಂದ ಅಪರೂಪಕ್ಕೆ ಲಕ್ವ, ಕಣ್ಣು ಹೋಗುವುದು ಕೂಡ ಆಗಬಹುದು ಅಂತ. ನೋವು ಎಲ್ಲಿದೆ ಅಂತ ಪತ್ತೆ ಮಾಡೋಕೆ ಆರೋಗ್ಯವಾಗಿರುವ ಡಿಸ್ಕ್‌ಗೂ ಡೈ ಹಾಕಿ ಒತ್ತುವ ಪರೀಕ್ಷೆ ಒಂದು 1948ರಿಂದಲೂ ಇದೆ. ಅದನ್ನು ಮಾಡಿಸಿಕೊಂಡವರನ್ನು ಹತ್ತು ವರ್ಷ ಬಿಟ್ಟು ನೋಡಿದಾಗ ಚುಚ್ಚಿದ ಡಿಸ್ಕ್‌ಗಳು ಬೇಗ ಸವೆದಿದ್ದವು ಅಂತ 2009ರಲ್ಲಿ ಬಂತು. ಅದಕ್ಕೇ ನಾನು ಕೇಳುವುದು ಒಂದೇ, ಯಾವ ಸೂಜಿ, ಯಾಕೆ ಅಂತ. ಚುಚ್ಚುವುದರಿಂದ ಸಿಗುವ ಉತ್ತರ ಚುಚ್ಚದಿದ್ದರೂ ಸಿಗುತ್ತದಾದರೆ ಚುಚ್ಚಬಾರದು. ಶಿಡ್ಲಘಟ್ಟದ ಅಪ್ಪನ ವಿಷಯದಲ್ಲಿ ಆ ಉತ್ತರ ರಕ್ತದಲ್ಲಿ ಸಿಗದಿದ್ದರೆ ಡಿಸ್ಕ್ ಒಳಗೇ ಇದೆ.

ಗೌರಿಬಿದನೂರು ಪಶುವೈದ್ಯ, ನಿವೃತ್ತ

ರಕ್ತದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಮೂರು ಸೀಮೆಹಸು ಅಂದಿರಲ್ಲಮ್ಮ. ಹೋದ ಒಂದು ವರ್ಷದಲ್ಲಿ ಯಾವುದಾದರೂ ಹಸು ಕಂದು ಹಾಕಿದೆಯಾ? ಅಂದರೆ ಗಬ್ಬದ ಏಳೆಂಟು ತಿಂಗಳಲ್ಲಿ ಕರು ಬಿದ್ದುಹೋಗಿದೆಯಾ?

ಶಿಡ್ಲಘಟ್ಟದ ಮಗಳು

ಹೌದು ಸರ್. ನಿಮಗೆ ಹೇಗೆ ಗೊತ್ತಾಯಿತು? ಯುಗಾದಿಗೆ ಮುಂಚೆ ಕೆಂಪು ಹಸು ಏಳು ತಿಂಗಳಿಗೇ ಕರು ಹಾಕಿತು. ಸತ್ತ ಕರು. ಮಾಸು ಬೀಳಲಿಲ್ಲ. ರಾತ್ರಿ ಹೊತ್ತು ಯಾರೂ ಸಿಗಲಿಲ್ಲ ಅಂತ ಅಪ್ಪನೇ ಕೈಗೆ ಹರಳೆಣ್ಣೆ ಹಚ್ಚಿಕೊಂಡು ಒಳಗೆ ಕೈ ಹಾಕಿ ತೆಗೆದರು. ಆ ಹೊತ್ತಿಗೆ ಸೊಪ್ಪು ಕೊಯ್ದು ಅವರ ಬೆರಳೆಲ್ಲ ಗೀರಾಗಿತ್ತು. ನಾನು ಟಾರ್ಚ್ ಹಿಡಿದು ನಿಂತಿದ್ದೆ.

ಗೌರಿಬಿದನೂರು ಪಶುವೈದ್ಯ, ನಿವೃತ್ತ

ಮೂವತ್ತು ವರ್ಷ ಹಳ್ಳಿ ಹಳ್ಳಿ ಸುತ್ತಿದವನು ನಾನು. ಈ ಪ್ರಶ್ನೆ ಮನುಷ್ಯರ ಡಾಕ್ಟರ್‌ಗಳು ಕೇಳುವುದು ಕಮ್ಮಿ, ರೈತರು ತಾವಾಗಿ ಹೇಳುವುದು ಇನ್ನೂ ಕಮ್ಮಿ. ಸೊಂಟ ನೋವಿಗೆ ಬಂದವನು ಹಸುವಿನ ಕಥೆ ಯಾಕೆ ಹೇಳುತ್ತಾನೆ?

ಕಂದು ರೋಗ ಅಂತೇವೆ. ಬ್ರುಸೆಲ್ಲೋಸಿಸ್. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಅನ್ನುವ ಸೇನೆಯ ಡಾಕ್ಟರ್ ಕ್ರಿಮಿ ಕಂಡುಹಿಡಿದರು, ಹೆಸರು ಅವರದೇ. ಹಸು ಕಂದು ಹಾಕಿದಾಗ ಮಾಸು, ನೀರು, ಸತ್ತ ಕರು ಎಲ್ಲದರಲ್ಲೂ ಕ್ರಿಮಿ ತುಂಬಿರುತ್ತದೆ. ಕೈಯ ಗೀರಿನಿಂದ ಒಳಗೆ ಹೋಗುತ್ತದೆ. ಕಾಯಿಸದ ಹಾಲಿನಿಂದಲೂ ಬರುತ್ತದೆ. ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನಿದ್ದು ಸಂಜೆ ಜ್ವರ, ಬೆವರು, ಕೀಲು ನೋವು. ಮೂಳೆಗೆ ಇಳಿದರೆ ಬಹಳ ಸಲ ಹಿಡಿಯುವುದು ಸೊಂಟದ ಡಿಸ್ಕ್‌ಗಳನ್ನೇ. ಟಿಬಿ ಸಾಮಾನ್ಯವಾಗಿ ಇನ್ನೂ ಮೇಲೆ, ಎದೆಯ ಹಿಂದಿನ ಬೆನ್ನಿನ ಕಡೆ ಜಾಸ್ತಿ.

ಇದೇ ಅಂತ ನಾನು ಹೇಳುತ್ತಿಲ್ಲ. ಆದರೆ ಸೂಜಿ ಹಾಕುವ ಡಾಕ್ಟರ್‌ಗೆ ಈ ವಿಷಯ ಗೊತ್ತಿರಲೇಬೇಕು. ಬ್ರುಸೆಲ್ಲಾ ರಕ್ತ ಪರೀಕ್ಷೆ ಮಾಡಲು ಕೇಳಿ. ಲ್ಯಾಬಿನವರಿಗೂ ಹೇಳಬೇಕು. ಈ ಕ್ರಿಮಿ ಕಲ್ಚರ್‌ನಲ್ಲಿ ನಿಧಾನ ಬೆಳೆಯುತ್ತದೆ, ಮಾಮೂಲಿನಂತೆ ಬೇಗ ತಟ್ಟೆ ಎಸೆದರೆ ಸಿಗಲ್ಲ. ಜೊತೆಗೆ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೂ ಅಂಟುತ್ತದೆ, ಅವರು ಹುಷಾರಾಗಿರಬೇಕು.

ಸಿಟಿ ರೂಮಿನವನು

ಸರ್, ಕೈ ಮುಗಿದೆ. ನನಗೂ ಇದು ಹೊಳೆದಿರಲಿಲ್ಲ.

ಮಗಳೇ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಹಸು ಕಂದು ಹಾಕಿದ ತಿಂಗಳು, ಅಪ್ಪ ಕೈ ಹಾಕಿದ್ದು, ಜ್ವರ ಶುರುವಾದ ದಿನ, ಇಲ್ಲಿಯ ತನಕ ನುಂಗಿದ ಮಾತ್ರೆ. ರಕ್ತ ತೆಳು ಮಾಡುವ ಮಾತ್ರೆ, ಆಸ್ಪಿರಿನ್ ಏನಾದರೂ ತಿನ್ನುತ್ತಿದ್ದರೆ ಅದನ್ನೂ ಬರಿ. ತಾನಾಗಿ ನಿಲ್ಲಿಸಬಾರದು, ಅವರೇ ಹೇಳುತ್ತಾರೆ. ಮತ್ತೆ ಒಂದು ಪ್ರಶ್ನೆ ಮರೆಯದೆ ಕೇಳು. ತೆಗೆದ ಚೂರುಗಳನ್ನು ಎಷ್ಟು ಬಾಟಲಿಗೆ ಹಾಕುತ್ತೀರಾ ಅಂತ. ಒಂದು ಫಾರ್ಮಲಿನ್ ಬಾಟಲಿ, ಅದು ಮೈಕ್ರೋಸ್ಕೋಪ್‌ನಲ್ಲಿ ನೋಡಲು. ಇನ್ನೊಂದು ಬರೀ ಸಲೈನ್, ಅದು ಕಲ್ಚರ್ ಮತ್ತು ಟಿಬಿಯ ಸಿಬಿನಾಟ್ ಪರೀಕ್ಷೆಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಕ್ರಿಮಿ ಸತ್ತುಹೋಗುತ್ತದೆ, ಅಪ್ಪ ಪಟ್ಟ ನೋವು ಅರ್ಧ ನೀರುಪಾಲು.

ಅಪ್ಪನಿಗೆ ನೀವೆಲ್ಲ ಸುತ್ತ ನಿಂತು ಒಪ್ಪಿಸಬೇಡಿ. ಏನು ತೆಗೆಯುತ್ತಾರೆ, ಯಾಕೆ ತೆಗೆಯುತ್ತಾರೆ ಅಂತ ಅವರಿಗೇ ಬಿಡಿಸಿ ಹೇಳಿ.

ಶಿಡ್ಲಘಟ್ಟದ ಮಗಳು

ಅಪ್ಪ ಒಪ್ಪಿದರು. ನಾನು ಹಸುವಿನ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. "ಅವತ್ತು ಕೈ ಉರೀತಿತ್ತು ಕಣಮ್ಮ" ಅಂದರು. ಆಮೇಲೆ ಅವರೇ ಯಾವತ್ತು ಹೋಗಬೇಕು ಅಂತ ಕೇಳಿದರು.

ನಿನ್ನೆ ಆಯಿತು. ಬೆಂಗಳೂರಿನ ಆಸ್ಪತ್ರೆ. ನನ್ನನ್ನು ಗಾಜಿನ ಹೊರಗೆ ನಿಲ್ಲಲು ಬಿಟ್ಟರು. ಅಪ್ಪನ ಬೆನ್ನ ಮೇಲೆ ಗೆರೆ ಗೆರೆ ಇರುವ ಒಂದು ಸ್ಟಿಕ್ಕರ್ ಅಂಟಿಸಿ ಟೇಬಲ್ ಒಳಗೆ ಕಳಿಸಿದರು. ಪರದೆಯಲ್ಲಿ ಅಪ್ಪನ ಬೆನ್ನು ಅಡ್ಡ ಕೊಯ್ದ ಮರದ ದಿಮ್ಮಿಯ ಹಾಗೆ ಕಂಡಿತು. ಡಾಕ್ಟರ್ ಅದರ ಮೇಲೆ ಒಂದು ಓರೆ ಗೆರೆ ಎಳೆದು ಎಷ್ಟು ಆಳ, ಎಷ್ಟು ಓರೆ ಅಂತ ಅಳೆದರು. ಮರಗಟ್ಟಿಸಿದ ಮೇಲೆ ಸೂಜಿ ಸ್ವಲ್ಪ ಒಳಗೆ, ಆಮೇಲೆ ಎಲ್ಲರೂ ಹೊರಗೆ ಬಂದು ಒಂದು ಚಿತ್ರ. ಮತ್ತೆ ಒಳಗೆ ಹೋಗಿ ಇನ್ನೊಂದು ಸ್ವಲ್ಪ. ಹೀಗೆ ಆರು ಸಲ. ಪರದೆಯಲ್ಲಿ ಸೂಜಿ ಬೆಳ್ಳಗೆ ದಬ್ಬಳದ ಹಾಗೆ ಡಿಸ್ಕ್ ಕಡೆ ಹೋಗುವುದು ಕಾಣುತ್ತಿತ್ತು. ದಪ್ಪ ಸೂಜಿಯ ಒಳಗಿಂದ ಇನ್ನೊಂದು ಸಣ್ಣ ಸೂಜಿ ತೂರಿಸಿ ಚೂರು ತೆಗೆದರು. ಅಕ್ಕಿಕಾಳಿನ ಉದ್ದ, ನೆನೆದ ಹತ್ತಿಯ ಬಣ್ಣ. ನಾಲ್ಕು ಚೂರು. ಎರಡು ಬಾಟಲಿ, ನಾನು ಎಣಿಸಿದೆ ಅಣ್ಣ.

ಒಟ್ಟು 40 ನಿಮಿಷ. ಮೂರು ಗಂಟೆ ಮಲಗಿಸಿ, ಕಾಲು ಆಡಿಸಿ ನೋಡಿ, ಮೂತ್ರ ಹೋದ ಮೇಲೆ ಕಳಿಸಿದರು. ಸೂಜಿ ಮೂಳೆ ಅಂಚಿಗೆ ತಾಗಿದಾಗ ಜೋರು ನೋವಾಯಿತಂತೆ, ಉಳಿದಂತೆ ತಡೆದುಕೊಂಡೆ ಅಂದರು. ಬೆನ್ನ ಮೇಲೆ ಒಂದು ಸಣ್ಣ ಪ್ಲಾಸ್ಟರ್, ಅಷ್ಟೇ.

ಮಾಲೂರು ಅಕ್ಕ

ಓದುತ್ತಾ ಓದುತ್ತಾ ಕಣ್ಣಲ್ಲಿ ನೀರು ಬಂತು ತಂಗಿ. ಅಪ್ಪನಿಗೆ ಹುಷಾರಾಗಲಿ.

ಸಿಟಿ ರೂಮಿನವನು

ಇನ್ನೊಂದು ಮಾತು ಈಗಲೇ ಹೇಳಿರುತ್ತೇನೆ. ಈ ಪರೀಕ್ಷೆಯಲ್ಲಿ ಎಲ್ಲರಿಗೂ ಕ್ರಿಮಿ ಸಿಗಲ್ಲ. ಏನೂ ಬೆಳೆದಿಲ್ಲ ಅಂತ ಬಂದರೆ ಸೋಂಕಿಲ್ಲ ಅಂತ ಅರ್ಥ ಅಲ್ಲ. ಎರಡನೇ ಸಲ ಸೂಜಿ ಹಾಕಬೇಕಾಗಿ ಬರಬಹುದು. ಆಗ ಧೈರ್ಯ ಕಳೆದುಕೊಳ್ಳಬೇಡಿ.

ಶಿಡ್ಲಘಟ್ಟದ ಮಗಳು

ಎರಡನೇ ಸಲ ಬೇಕಾಗಲಿಲ್ಲ. ಸಿಬಿನಾಟ್‌ನಲ್ಲಿ ಟಿಬಿ ಇಲ್ಲ. ಕ್ಯಾನ್ಸರ್ ಇಲ್ಲ. ಬ್ರುಸೆಲ್ಲಾ ರಕ್ತ ಪರೀಕ್ಷೆ ಜೋರಾಗಿ ಪಾಸಿಟಿವ್. ಹತ್ತನೇ ದಿನ ಕಲ್ಚರ್‌ನಲ್ಲೂ ಅದೇ ಬಂತು ಅಂತ ಡಾಕ್ಟರೇ ಫೋನ್ ಮಾಡಿದರು. ಹಸುವಿನ ವಿಷಯ ಬರೆದ ಚೀಟಿಯನ್ನು ಫೈಲಿಗೇ ಪಿನ್ ಮಾಡಿ ಇಟ್ಟುಕೊಂಡಿದ್ದಾರೆ.

ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಮಾತ್ರೆ ಕಮ್ಮಿ ಅಂದರೂ ಮೂರು ತಿಂಗಳು. ಶುರುವಿನಲ್ಲಿ ದಿನಾ ಒಂದು ಇಂಜೆಕ್ಷನ್ ಕೂಡ. ರಿಫಾಂಪಿಸಿನ್ ಟಿಬಿಗೂ ಕೊಡುವ ಮಾತ್ರೆಯಂತೆ. ಕಣ್ಣುಮುಚ್ಚಿ ಟಿಬಿ ಔಷಧಿ ಶುರು ಮಾಡಿದ್ದರೆ ಅರ್ಧಂಬರ್ಧ ಗುಣವಾಗಿ ರೋಗ ಒಳಗೇ ಉಳಿಯುತ್ತಿತ್ತು ಅಂದರು. ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದು ಅಪ್ಪ ಗಾಬರಿ ಆದರು. ಅದು ಮಾತ್ರೆಯ ಬಣ್ಣ ಅಷ್ಟೇ ಅಂತ ನರ್ಸ್ ಅಕ್ಕ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಡಾಕ್ಸಿಸೈಕ್ಲಿನ್ ನುಂಗಿದ ಕೂಡಲೇ ಮಲಗಬಾರದು, ಜಾಸ್ತಿ ನೀರು ಕುಡಿಯಬೇಕು, ಹಾಲಿನ ಜೊತೆ ಬೇಡ.

ಗೌರಿಬಿದನೂರು ಪಶುವೈದ್ಯ, ನಿವೃತ್ತ

ಬಹಳ ಸಂತೋಷ. ಈಗ ಹಸುಗಳ ಕಡೆ ನೋಡಿ. ನಿಮ್ಮ ಊರಿನ ಪಶು ಆಸ್ಪತ್ರೆಯವರನ್ನು ಕರೆಸಿ ಮೂರೂ ಹಸುಗಳ ರಕ್ತ ಪರೀಕ್ಷೆ ಮಾಡಿಸಿ. ಈ ರೋಗ ಬಂದ ಹಸುವಿಗೆ ಗುಣ ಮಾಡುವ ಔಷಧಿ ಇಲ್ಲ. ಅದನ್ನು ಬೇರೆ ಕಟ್ಟಿ. ಹಾಲು ಚೆನ್ನಾಗಿ ಉಕ್ಕಿಸಿಯೇ ಕುಡಿಯಿರಿ. ಮತ್ತೆ ಯಾವುದೇ ಹಸು ಕಂದು ಹಾಕಿದರೆ ಬರಿಗೈ ಹಾಕಬೇಡಿ. ಮಾಸು, ಕರು ಎರಡನ್ನೂ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ, ನಾಯಿ ಎಳೆದಾಡಬಾರದು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಂದೇ ಒಂದು ಲಸಿಕೆ. 2019ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಕೊಡುತ್ತಾರೆ. ವಯಸ್ಸು ದಾಟಿಸಬೇಡಿ. ನಿಮ್ಮದೂ ಅಮ್ಮನದೂ ರಕ್ತ ಕೊಟ್ಟಿದ್ದೀರಾ? ನೀವು ಟಾರ್ಚ್ ಹಿಡಿದು ಪಕ್ಕದಲ್ಲೇ ಇದ್ದಿರಲ್ಲ.

ಶಿಡ್ಲಘಟ್ಟದ ಮಗಳು

ಕೊಟ್ಟೆವು ಸರ್, ಇಬ್ಬರಿಗೂ ಇಲ್ಲ ಅಂತ ಬಂತು. ಕೆಂಪು ಹಸುವಿಗೆ ಇದೆ. ಅದನ್ನು ಹಿತ್ತಲ ಶೆಡ್ಡಿಗೆ ಕಟ್ಟಿದ್ದೇವೆ. ಅಪ್ಪ ದಿನಾ ದೂರದಿಂದ ಅದನ್ನು ನೋಡಿ ಬರುತ್ತಾರೆ.

ಮಾತ್ರೆ ಶುರುವಾಗಿ ಏಳು ವಾರ ಆಯಿತು. ಜ್ವರ ನಿಂತಿದೆ. ರಾತ್ರಿ ಕೂಗಿಕೊಳ್ಳುವುದು ನಿಂತಿದೆ. ಬೆಲ್ಟ್ ಕಟ್ಟಿಕೊಂಡು ತೋಟದ ತನಕ ನಡೆಯುತ್ತಾರೆ, ಸೊಪ್ಪಿನ ಹೊರೆ ಮುಟ್ಟಲು ನಾವು ಬಿಡುತ್ತಿಲ್ಲ. ಈಗಲೇ ಮತ್ತೆ ಎಂಆರ್‌ಐ ಮಾಡಿಸಲಾ ಅಂತ ಕೇಳಿದೆ. ಬೇಡ, ಒಳಗೆ ವಾಸಿ ಆಗುತ್ತಿದ್ದರೂ ಸ್ಕ್ಯಾನ್‌ನಲ್ಲಿ ಸ್ವಲ್ಪ ದಿನ ಕೆಟ್ಟದಾಗಿಯೇ ಕಾಣುತ್ತದೆ, ಸದ್ಯಕ್ಕೆ ಉರಿಯೂತ ಎಷ್ಟಿದೆ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ಸಾಕು ಅಂದರು. ಅವು ಇಳಿಯುತ್ತಿವೆ.

ಮೊನ್ನೆ ಪಕ್ಕದ ಮನೆ ಮಾವ ಬಂದು ಅಪ್ಪನ ಅಂಗಿ ಎತ್ತಿ ಬೆನ್ನು ನೋಡಿದರು. ಸೂಜಿ ಹಾಕಿದ ಜಾಗ ಎಷ್ಟು ಹುಡುಕಿದರೂ ಸಿಗಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು, ಅವರ ಮನೆಯ ಹಸುವೂ ದೀಪಾವಳಿಯಲ್ಲಿ ಕಂದು ಹಾಕಿತ್ತಂತೆ. ಮಾವನಿಗೂ ಸಂಜೆ ಹೊತ್ತು ಮೈ ಬಿಸಿ ಆಗುತ್ತದಂತೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಅವರನ್ನೂ ರಕ್ತ ಕೊಡಲು ಕರೆದುಕೊಂಡು ಹೋಗುತ್ತಿದ್ದೇನೆ.